ಅಂಗಡಿಯ ನಕ್ಷತ್ರಗಳೂ ಗಿರಾಕಿಯ ದೂರೂ

ಶಿವಮೊಗ್ಗೆಯ ಕಡೆಯ ವಾಚಕ ಸೋದರಿಯೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವರು. ನೀರನ್ನು ಶುದ್ಧಿಮಾಡುವ ಯಂತ್ರವೊಂದನ್ನು ಅವರು ಅಂತರ್ಜಾಲದ ಅಂಗಡಿಯಲ್ಲಿ ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ತರಿಸಿದರಂತೆ. ಕೊಳ್ಳುವ ಮೊದಲು ಅವರು ನೋಡಿದುದು ಯಂತ್ರದ ಚಿತ್ರದ ಕೆಳಗಿದ್ದ ನಾಲ್ಕೂವರೆ ನಕ್ಷತ್ರಗಳನ್ನೂ ಅವುಗಳನ್ನು ಕೊಟ್ಟ ಸಾವಿರಾರು ಜನರ ಸಂಖ್ಯೆಯನ್ನೂ ಮಾತ್ರ. ಮೂರು ತಿಂಗಳಿಗೆ ಯಂತ್ರವು ನಿಂತುಹೋಯಿತು. ಕಂಪೆನಿಗೆ ಫೋನು ಮಾಡಿದುದಕ್ಕೆ ದೂರಿನ ಸಂಖ್ಯೆಯೊಂದು ಬಂದಿತೇ ಹೊರತು ರಿಪೇರಿಯವನು ಬರಲಿಲ್ಲ. ಕಡೆಗೆ ಸರ್ಕಾರದ ಗ್ರಾಹಕ ಸಹಾಯವಾಣಿಗೆ ಹೇಳಿಕೊಂಡರು. ಕೆಲವು ದಿನಗಳಾದ ಮೇಲೆ ದೂರು ಮುಕ್ತಾಯವಾಯಿತೆಂಬ ಒಕ್ಕಣೆ ಮೊಬೈಲಿಗೆ ಬಂದಿತು. ಯಂತ್ರ ಮಾತ್ರ ಅಡಿಗೆಮನೆಯ ಮೂಲೆಯಲ್ಲಿ ಹಾಗೆಯೇ ಕುಳಿತಿರುವುದು. "ಸಾವಿರ ಜನರ ಮಾತನ್ನು ನಂಬಿದುದು ತಪ್ಪೇ? ಸರ್ಕಾರದ ಸಹಾಯವನ್ನು ನಂಬಿದುದು ತಪ್ಪೇ?" ಎಂಬುದು ಅವರ ಪ್ರಶ್ನೆ.

ಇದು ಒಂದು ಮನೆಯ ಕಷ್ಟವಲ್ಲವಾದಕಾರಣ ಈ ಸಾರಿಯ ಅಂಕಣವನ್ನು ಇದಕ್ಕೇ ಮೀಸಲಿಡುವೆವು. ನಂಬಿದುದು ತಪ್ಪಲ್ಲ, ನಂಬಿಕೆಯಿಲ್ಲದೆ ಒಂದು ಸೇರು ಅಕ್ಕಿಯನ್ನಾದರೂ ಕೊಳ್ಳಲಾಗದು. ಆದರೆ ಯಾರ ಮಾತನ್ನು ಎಷ್ಟರಮಟ್ಟಿಗೆ ನಂಬತಕ್ಕುದೆಂಬುದಕ್ಕೆ ಒಂದು ಅಳತೆಯುಂಟು. ನಕ್ಷತ್ರಗಳನ್ನು ಕೊಟ್ಟವರು ಸಾಕ್ಷಿಗಳು. ಸಾಕ್ಷಿಯ ಮಾತನ್ನು ತೀರ್ಪೆಂದು ಎಣಿಸಲಾಗದು. ಸಹಾಯವಾಣಿಯು ದೂತ, ದೂತನನ್ನೇ ನ್ಯಾಯಾಧಿಪತಿಯೆಂದು ತಿಳಿದು ಮನೆಯಲ್ಲಿ ಕುಳಿತರೆ ಕಾಲವು ಕಳೆದುಹೋಗುವುದು. ಯಾವ ಪ್ರಶಸ್ತಿಯನ್ನು ಕಂಡರೂ, ಯಾವ ದೂರಿನ ಕಚೇರಿಯ ಬಾಗಿಲಿಗೆ ಹೋದರೂ, ಎರಡು ಸಂಗತಿಗಳನ್ನು ಮೊದಲು ವಿಚಾರಿಸಬೇಕು. ಹೀಗೆ ಹೇಳುವವರ ಖರ್ಚನ್ನು ಕೊಡುವವರು ಯಾರು? ಹೇಳಿದುದನ್ನು ನಡೆಯಿಸುವ ಅಧಿಕಾರ ಅವರಿಗೆ ಉಂಟೇ?

ಹಿಂದೆ ಊರಿನಲ್ಲಿ ಅಂಗಡಿಯ ಯೋಗ್ಯತೆ ತಿಳಿಯುತ್ತಿದ್ದುದು ಬಾಯಿಮಾತಿನಿಂದ. ಪಕ್ಕದ ಮನೆಯ ಅಕ್ಕನವರು "ಆ ಅಂಗಡಿಯ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯದು" ಎಂದರೆ ಆ ಮಾತಿನ ಬೆಲೆಯೆಷ್ಟೆಂಬುದು ಕೇಳಿದವರಿಗೆ ಗೊತ್ತಿರುತ್ತಿದ್ದಿತು. ಅಕ್ಕನವರ ನಾಲಗೆ ಎಂತಹುದು, ಅವರಿಗೂ ಅಂಗಡಿಯವನಿಗೂ ಸಾಲದ ವ್ಯಾಜ್ಯವೇನಾದರೂ ಉಂಟೇ, ಅವರು ಬೇಳೆಯನ್ನು ನೆನೆಹಾಕುವವರೇ ಅಲ್ಲವೇ, ಎಲ್ಲವೂ ತಿಳಿದ ವಿಷಯ. ಈಗ ಸಾಕ್ಷಿಗಳ ಸಂಖ್ಯೆ ಒಂದರಿಂದ ಹತ್ತು ಸಾವಿರಕ್ಕೆ ಏರಿರುವುದು. ಆದರೆ ಆ ಹತ್ತು ಸಾವಿರದಲ್ಲಿ ಒಬ್ಬರ ಮುಖವನ್ನೂ ನಾವು ಕಂಡವರಲ್ಲ. ಮುಖವಿಲ್ಲದ ಈ ಸಾಕ್ಷ್ಯವನ್ನು ಒಟ್ಟುಗೂಡಿಸಿ, ತೂಗಿ, ಅಂಕ ಹಾಕಿಕೊಡುವುದೇ ಒಂದು ದೊಡ್ಡ ವ್ಯವಹಾರವಾಗಿರುವುದು. ಅದರ ಒಳಗನ್ನು ತಿಳಿಯಬೇಕಾದರೆ ಅಮೆರಿಕ ದೇಶದ ಹಳೆಯ ಸಂಸ್ಥೆಯೊಂದರ ಚರಿತ್ರೆಯನ್ನು ನೋಡಬೇಕು. ಈ ವಿಷಯದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟ ಅನುಭವ ಅದಕ್ಕಿರುವುದು.

ಬೆಟರ್ ಬಿಸಿನೆಸ್ ಬ್ಯೂರೋ ಎಂಬುದು ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಮನೆಮಾತಾದ ಹೆಸರು. ಸುಳ್ಳು ಜಾಹೀರಾತುಗಳಿಂದ ತಮ್ಮ ವೃತ್ತಿಗೇ ಕೆಟ್ಟ ಹೆಸರು ಬರುತ್ತಿರುವುದನ್ನು ಕಂಡು, ಜಾಹೀರಾತಿನ ವ್ಯವಹಾರದವರೇ ೧೯೧೨ರಲ್ಲಿ ಎಚ್ಚರಿಕೆಯ ಸಮಿತಿಗಳನ್ನು ಏರ್ಪಡಿಸಿದರು. ಅವುಗಳಿಂದ ಬೆಳೆದುದು ಈ ಸಂಸ್ಥೆ. ಹುಟ್ಟಿದ ಉದ್ದೇಶ ಒಳ್ಳೆಯದೇ. ಹೆಸರನ್ನು ಕೇಳಿದ ಅನೇಕರು ಇದನ್ನು ಸರ್ಕಾರದ ಇಲಾಖೆಯೆಂದು ಭಾವಿಸುವುದುಂಟು; ಆದರೆ ಇದು ಬೇರೆ ಬೇರೆ ಪ್ರದೇಶಗಳಲ್ಲಿರುವ, ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆಗಳ ಒಕ್ಕೂಟ. ಇದಕ್ಕೆ ದ್ರವ್ಯವು ಬರುವುದು ಮುಖ್ಯವಾಗಿ, ಇದರಿಂದ ಮಾನ್ಯತೆ ಪಡೆದ ವರ್ತಕರು ವರ್ಷವರ್ಷವೂ ಸಲ್ಲಿಸುವ ಚಂದಾದಿಂದ. ವರ್ತಕನು ಚಂದಾದಾರನಾಗಲಿ ಆಗದಿರಲಿ, ಶಾಲೆಯ ಮಕ್ಕಳಿಗೆ ಕೊಡುವಂತೆ ಎ ಪ್ಲಸ್‌ನಿಂದ ಎಫ್‌ವರೆಗೆ ಅವನಿಗೆ ಒಂದು ದರ್ಜೆಯನ್ನು ಇದು ಕೊಡುವುದು. ಈ ಅಕ್ಷರಗಳ ಪದ್ಧತಿಯು ದೇಶದಲ್ಲೆಲ್ಲ ಬಳಕೆಗೆ ಬಂದುದು ೨೦೦೯ರ ಸುಮಾರಿನಲ್ಲಿ.

ಅಳತೆ ಮಾಡುವವನಿಗೆ ಅಳೆಸಿಕೊಳ್ಳುವವನೇ ಊಟವಿಕ್ಕಿದರೆ ಏನಾಗುವುದೆಂಬುದು ಮರುವರ್ಷವೇ ಬಯಲಾಯಿತು. ೨೦೧೦ರ ನವೆಂಬರಿನಲ್ಲಿ ಅಲ್ಲಿಯ ಎ.ಬಿ.ಸಿ. ಎಂಬ ದೂರದರ್ಶನ ಸಂಸ್ಥೆಯವರು ಒಂದು ಸಂಗತಿಯನ್ನು ಪ್ರಸಾರಮಾಡಿದರು. ಲಾಸ್ ಏಂಜಲೀಸಿನ ಕೆಲವು ವ್ಯಾಪಾರಸ್ಥರು ಪರೀಕ್ಷಿಸುವುದಕ್ಕಾಗಿಯೇ ೪೨೫ ಡಾಲರುಗಳನ್ನು ಕಟ್ಟಿ, ಇಲ್ಲದ ಒಂದು ಸಂಸ್ಥೆಯ ಹೆಸರನ್ನು ಬ್ಯೂರೋವಿನಲ್ಲಿ ನೋಂದಾಯಿಸಿದರು. ಅವರು ಆರಿಸಿದ ಹೆಸರು ಹಮಾಸ್. ಅಮೆರಿಕದ ಸರ್ಕಾರವೇ ಭಯೋತ್ಪಾದಕರದೆಂದು ಪಟ್ಟಿಮಾಡಿದ ಸಂಘದ ಹೆಸರು! ಅದಕ್ಕೆ ದೊರೆತ ದರ್ಜೆ ಎ ಮೈನಸ್. ಆ ಕಾಲದಲ್ಲಿ ಚಂದಾ ಕೊಟ್ಟು ಮಾನ್ಯತೆ ಪಡೆದುದಕ್ಕೇ ಕೆಲವು ಅಂಕಗಳು ಸಲ್ಲುತ್ತಿದ್ದವು. ಗಲಾಟೆಯೆದ್ದ ಮೇಲೆ ಆ ಅಂಕಗಳನ್ನು ತೆಗೆದುಹಾಕುವುದಾಗಿ ಒಕ್ಕೂಟದವರು ಒಪ್ಪಿಕೊಂಡರು. ೨೦೧೩ರಲ್ಲಿ ಲಾಸ್ ಏಂಜಲೀಸಿನ ಶಾಖೆಯನ್ನೇ ಹೊರಹಾಕಿದರು.

ಇಷ್ಟು ಹೇಳಿದ ಮಾತ್ರಕ್ಕೆ ಆ ಸಂಸ್ಥೆಯೆಲ್ಲವೂ ವಂಚನೆಯೆಂದು ತಿಳಿಯಲಾಗದು. ಅದರ ಬಳಿಗೆ ಬಂದ ದೂರನ್ನು ಅವರು ವರ್ತಕನಿಗೆ ಕಳುಹಿಸಿ, ೧೪ ದಿನಗಳೊಳಗೆ ಉತ್ತರ ಕೊಡೆಂದು ಕೇಳುವರು. ಸಾಮಾನ್ಯವಾಗಿ ಸುಮಾರು ಒಂದು ತಿಂಗಳಿನಲ್ಲಿ ಕಡತವು ಮುಗಿಯುವುದು. ತನ್ನ ಹೆಸರಿಗೆ ಅಂಜುವ ವರ್ತಕನಾದರೆ ಇಷ್ಟರಿಂದಲೇ ತಪ್ಪನ್ನು ತಿದ್ದಿಕೊಳ್ಳುವನು, ಎಷ್ಟೋ ಮಂದಿಗೆ ಹೀಗೆ ಹಣ ಹಿಂದಿರುಗಿರುವುದು. ಆದರೆ ಹೆಸರಿಗೆ ಅಂಜದವನನ್ನು, ತಿಂಗಳಿಗೊಂದು ಹೆಸರಿನ ಫಲಕ ಬದಲಾಯಿಸುವವನನ್ನು, ಬ್ಯೂರೋ ಏನು ಮಾಡಬಲ್ಲುದು? ಅದಕ್ಕೆ ದಂಡ ವಿಧಿಸುವ ಅಧಿಕಾರವೂ ಇಲ್ಲ, ಹಣ ಕೊಡಿಸುವ ಅಧಿಕಾರವೂ ಇಲ್ಲ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಗಿರಾಕಿಗಳು ಅಲ್ಲಿ ಬರೆಯುವ ಅಭಿಪ್ರಾಯಗಳನ್ನು ಆ ದರ್ಜೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ದೂರುಗಳಿಗೆ ವರ್ತಕನು ಉತ್ತರ ಕೊಟ್ಟನೇ, ಎಷ್ಟು ಕಾಲದಿಂದ ವ್ಯಾಪಾರ ಮಾಡುತ್ತಿರುವನು, ಮುಂತಾದ ಸಂಗತಿಗಳೇ ಅದಕ್ಕೆ ಮುಖ್ಯ. ಆದಕಾರಣ ಒಂದೇ ಪುಟದಲ್ಲಿ ಮೇಲೆ ಎ ಪ್ಲಸ್ ಎಂದೂ ಕೆಳಗೆ ಗಿರಾಕಿಗಳ ಶಾಪಗಳೆಂದೂ ಇರುವ ಚಮತ್ಕಾರವನ್ನು ಕಾಣಬಹುದು. ದರ್ಜೆಯು ಸುಳ್ಳು ಹೇಳುತ್ತಿಲ್ಲ. ನಾವು ಕೇಳಬೇಕೆಂದಿದ್ದ ಪ್ರಶ್ನೆಗೆ ಅದು ಉತ್ತರವಲ್ಲ, ಅಷ್ಟೆ.

"ಉಂಡ ಮನೆಗೆ ಎರಡು ಬಗೆಯಬಾರದು" ಎಂಬ ಗಾದೆ ಸಂಸಾರಸ್ಥರಿಗೆ ಶೋಭೆ. ಅಳತೆಮಾಡುವವನಿಗೆ ಅದೇ ದೊಡ್ಡ ಸಂಕಟ. ಇದು ಅಮೆರಿಕದವರ ರೋಗವಷ್ಟೇ ಎಂದು ಸಮಾಧಾನಪಡುವಂತಿಲ್ಲ. ಸಾಲಪತ್ರಗಳಿಗೂ ಠೇವಣಿಗಳಿಗೂ ದರ್ಜೆ ಕೊಡುವ ಸಂಸ್ಥೆಗಳು ನಮ್ಮಲ್ಲಿಯೂ ಇರುವುವು. ಅವುಗಳಿಗೆ ಶುಲ್ಕವನ್ನು ಕೊಡುವುದು ದರ್ಜೆಯನ್ನು ಪಡೆಯುವ ಕಂಪೆನಿಯೇ. ಐ.ಎಲ್. ಅಂಡ್ ಎಫ್.ಎಸ್. ಎಂಬ ದೊಡ್ಡ ಕಂಪೆನಿಗೆ ೨೦೧೮ರ ಬೇಸಗೆಯವರೆಗೂ ಎಲ್ಲಕ್ಕಿಂತ ಮೇಲಾದ ತ್ರಿಬಲ್ ಎ ದರ್ಜೆಯಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ಸಾಲ ತೀರಿಸಲಾರದೆ ಕುಸಿದಾಗ ದರ್ಜೆಯು ಒಮ್ಮೆಗೇ ತಳಕ್ಕಿಳಿಯಿತು. ನಿವೃತ್ತರ ಭವಿಷ್ಯನಿಧಿಗಳ ಹಣವೂ ಅದರಲ್ಲಿ ಸಿಕ್ಕಿಬಿದ್ದಿತು. ಸೆಬಿಯವರು ೨೦೧೯ರಲ್ಲಿ ಈ ಸಂಬಂಧವಾಗಿ ದರ್ಜೆ ಕೊಟ್ಟ ಸಂಸ್ಥೆಗಳಿಗೆ ತಲಾ ೨೫ ಲಕ್ಷ ರೂಪಾಯಿ ದಂಡ ವಿಧಿಸಿದರು. ಠೇವಣಿಯ ಜಾಹೀರಾತಿನಲ್ಲಿ ಈ ಅಕ್ಷರಗಳನ್ನು ಕಂಡಾಗ ಮನೆಯ ಯಜಮಾನರೂ ಯಜಮಾನಿಯರೂ ಇದನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು.

ಇನ್ನು ನಕ್ಷತ್ರಗಳ ಮಾತು. ಇವುಗಳನ್ನು ಕೊಡುವವರು ನಮ್ಮಂತಹ ಗಿರಾಕಿಗಳೇ ಅಲ್ಲವೇ, ಇವರಿಗೆ ಯಾರೂ ಹಣ ಕೊಡುವುದಿಲ್ಲವಲ್ಲ ಎಂದು ಕೇಳಬಹುದು. ೨೦೧೭ರಲ್ಲಿ ಲಂಡನ್ನಿನಲ್ಲಿ ನಡೆದ ಕಥೆಯನ್ನು ಕೇಳಿ. ಊಬಾ ಬಟ್ಲರ್ ಎಂಬ ತರುಣ ಬರಹಗಾರನೊಬ್ಬನಿದ್ದನು. ಹೋಟೆಲುಗಳಲ್ಲಿ ಊಟವನ್ನೇ ಮಾಡದೆ ಅವುಗಳ ಮೇಲೆ ಹೊಗಳಿಕೆ ಬರೆದು, ಒಂದೊಂದಕ್ಕೆ ಹತ್ತು ಪೌಂಡು ಸಂಪಾದಿಸಿದ ಅನುಭವ ಅವನಿಗಿದ್ದಿತು. ಡಲ್ವಿಚ್ ಎಂಬಲ್ಲಿ ತಾನು ವಾಸವಾಗಿದ್ದ ಹಿತ್ತಿಲ ಗುಡಿಸಲನ್ನೇ ಅವನು ಒಂದು ಹೋಟೆಲೆಂದು ಟ್ರಿಪ್ ಅಡ್ವೈಸರ್ ಎಂಬ ಪ್ರಸಿದ್ಧ ತಾಣದಲ್ಲಿ ನೋಂದಾಯಿಸಿದನು. ತಿಂಡಿಗಳ ಚಿತ್ರಗಳೆಂದು ಹಾಕಿದುದು ಕ್ಷೌರದ ನೊರೆಯಿಂದಲೂ ಪಾತ್ರೆ ತೊಳೆಯುವ ಬಿಲ್ಲೆಗಳಿಂದಲೂ ಮಾಡಿದ ಆಕೃತಿಗಳನ್ನು! ಸ್ನೇಹಿತರಿಂದ ಹೊಗಳಿಕೆಗಳನ್ನು ಬರೆಯಿಸಿದನು. ಫೋನು ಮಾಡಿದವರಿಗೆಲ್ಲ "ಸ್ಥಳವಿಲ್ಲ, ಸ್ಥಳವಿಲ್ಲ" ಎಂದೇ ಉತ್ತರ. ಸಿಗದ ಹೋಟೆಲಿನ ಮೇಲೆ ಜನರ ಆಸೆ ಬೆಳೆಯಿತು. ಹದಿನೆಂಟು ಸಾವಿರಕ್ಕೂ ಹಿಂದಿನ ಸ್ಥಾನದಲ್ಲಿದ್ದ, ಒಂದು ತುತ್ತು ಅನ್ನವನ್ನೂ ಬಡಿಸದ ಆ ಹೋಟೆಲು ನವೆಂಬರಿನ ಹೊತ್ತಿಗೆ ಲಂಡನ್ ನಗರಕ್ಕೆಲ್ಲ ಮೊದಲನೆಯದೆಂದು ಎಣಿಕೆಯಾಯಿತು. ಬಳಿಕ ಅವನು ಒಂದೇ ಒಂದು ರಾತ್ರಿ ಬಾಗಿಲು ತೆರೆದು, ಅಂಗಡಿಯಲ್ಲಿ ಸಿಗುವ ಅಗ್ಗದ ಸಿದ್ಧ ಆಹಾರವನ್ನು ಬಿಸಿಮಾಡಿ ಬಡಿಸಿದನು. ಉಂಡವರಲ್ಲಿ ಮತ್ತೆ ಬರಬೇಕೆಂದವರೂ ಇದ್ದರು.

ಇಂತಹ ಚೇಷ್ಟೆಯನ್ನು ತಮಾಷೆಗಾಗಿ ಮಾಡುವವನು ಒಬ್ಬನಾದರೆ ಲಾಭಕ್ಕಾಗಿ ಮಾಡುವವರು ಅನೇಕರು. ಕಾರಣವೂ ಸ್ಪಷ್ಟ. ಹಾರ್ವರ್ಡ್ ವಿದ್ಯಾಲಯದ ಮೈಕೆಲ್ ಲೂಕಾ ಎಂಬ ವಿದ್ವಾಂಸರು ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕವನ್ನು ಪರಿಶೀಲಿಸಿ, ಯೆಲ್ಪ್ ಎಂಬ ತಾಣದಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ಹೋಟೆಲಿನ ಆದಾಯವು ನೂರಕ್ಕೆ ೫ರಿಂದ ೯ರವರೆಗೆ ಏರುವುದೆಂದು ೨೦೧೧ರಲ್ಲಿ ತೋರಿಸಿದರು. ನಕ್ಷತ್ರಕ್ಕೆ ಇಷ್ಟು ಬೆಲೆಯಿರುವಾಗ ಅದನ್ನು ಮಾರುವವರು ಹುಟ್ಟದಿರುವರೇ? ಇದನ್ನು ತಡೆಯಲು ಸರ್ಕಾರಗಳೂ ಕೈಹಾಕಿರುವುವು. ನಮ್ಮ ಭಾರತೀಯ ಮಾನಕ ಸಂಸ್ಥೆಯವರು ಗಿರಾಕಿಗಳ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಕ್ರಮಕ್ಕೆ ಐ.ಎಸ್. ೧೯೦೦೦ ಎಂಬ ಮಾನಕವನ್ನು ೨೦೨೨ರ ನವೆಂಬರಿನಲ್ಲಿ ಹೊರಡಿಸಿದರು. ಹೊರಟಾಗ ಅದು ಇಚ್ಛೆಯಿದ್ದವರು ಪಾಲಿಸತಕ್ಕುದಾಗಿದ್ದಿತು. ಅಮೆರಿಕದಲ್ಲಿ ಸುಳ್ಳು ಅಭಿಪ್ರಾಯಗಳ ಕ್ರಯವಿಕ್ರಯವನ್ನು ನಿಷೇಧಿಸುವ ನಿಯಮವು ೨೦೨೪ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು.

ಸುಳ್ಳು ನಕ್ಷತ್ರಗಳ ಮಾತು ಹಾಗಿರಲಿ. ನಿಜವಾದ ನಕ್ಷತ್ರಗಳನ್ನಾದರೂ ಓದುವುದು ಹೇಗೆ? ನಮ್ಮ ಸೋದರಿಯವರು ಕಂಡ ನಾಲ್ಕೂವರೆಯನ್ನೇ ತೆಗೆದುಕೊಳ್ಳೋಣ. ಎಂಟು ಜನರಲ್ಲಿ ಏಳು ಜನ ಐದೈದು ನಕ್ಷತ್ರಗಳನ್ನೂ ಒಬ್ಬರು ಒಂದೇ ನಕ್ಷತ್ರವನ್ನೂ ಕೊಟ್ಟರೆ ಒಟ್ಟು ಮೂವತ್ತಾರು. ಎಂಟರಿಂದ ಭಾಗಿಸಿದರೆ ಸರಿಯಾಗಿ ನಾಲ್ಕೂವರೆ. ಎಂಟು ಯಂತ್ರಗಳಲ್ಲಿ ಒಂದು ಕೆಟ್ಟುದೆಂದರೆ ಯಾವ ಗೃಹಿಣಿಯೂ ಅದನ್ನು ಕೊಳ್ಳಲು ಹಿಂಜರಿಯುವಳು. ನಾಲ್ಕೂವರೆ ನಕ್ಷತ್ರವೆಂದರೆ ಸಂತೋಷದಿಂದ ಕೊಳ್ಳುವಳು! ಸರಾಸರಿಯೆಂಬುದು ಇಂತಹ ಮುಸುಕು. ಅದನ್ನು ಬಿಟ್ಟು, ಐದು ಎಷ್ಟು, ಒಂದು ಎಷ್ಟು ಎಂದು ಬಿಡಿಬಿಡಿಯಾಗಿ ತೋರಿಸಿರುವ ಪಟ್ಟಿಯನ್ನು ನೋಡಬೇಕು. ಬರೆಯುವವರಾದರೂ ಬಹಳ ಮೆಚ್ಚಿದವರು, ಇಲ್ಲವೆ ಬಹಳ ಸಿಟ್ಟಾದವರು. ಸುಮಾರಾಗಿ ತೃಪ್ತರಾದವರು ಬರೆಯುವ ಗೋಜಿಗೇ ಹೋಗುವುದಿಲ್ಲ. ಇದಕ್ಕಿಂತ ಮುಖ್ಯವಾದುದು, ಆ ನಕ್ಷತ್ರವನ್ನು ಕೊಟ್ಟ ಕಾಲ. ಪೆಟ್ಟಿಗೆ ಬಂದ ದಿನವೇ "ಬಹಳ ಚೆನ್ನಾಗಿದೆ, ಬೇಗ ತಲಪಿಸಿದರು" ಎಂದು ಬರೆದವರ ಮಾತು ಟಪಾಲಿನವನಿಗೆ ಸಲ್ಲತಕ್ಕ ಪ್ರಶಂಸೆಯೇ ಹೊರತು ಯಂತ್ರಕ್ಕಲ್ಲ. ಸೀರೆಗೆ ಒಂದು ಒಗೆತ, ಕುಕ್ಕರಿಗೆ ಆರು ತಿಂಗಳು, ನೀರಿನ ಯಂತ್ರಕ್ಕೆ ಒಂದು ಬೇಸಗೆ ಕಳೆದ ಮೇಲೆ ಬರೆದವರ ಮಾತಿಗೆ ತೂಕವುಂಟು. ಎರಡು, ಮೂರು ನಕ್ಷತ್ರ ಕೊಟ್ಟು ಕಾರಣ ಹೇಳಿದವರನ್ನು ಮೊದಲು ಓದಬೇಕು. ಅನೇಕರು ಒಂದೇ ಭಾಗದ ಹೆಸರನ್ನು ಹೇಳಿ ಅದು ಕೆಟ್ಟಿತೆಂದರೆ ಅದನ್ನು ನಂಬಬಹುದು. ಒಂದೇ ವಾರದಲ್ಲಿ ಒಂದೇ ಮಾತಿನಿಂದ ಹೊಗಳಿದವರು ಗುಂಪಾಗಿ ಕಂಡರೆ ನಂಬತಕ್ಕುದಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆವು. ಮನೆಯಲ್ಲಿಯೇ ಕುಳಿತು ಹೋಟೆಲುಗಳಿಗೂ ಅಂಗಡಿಗಳಿಗೂ ಐದು ನಕ್ಷತ್ರ ಕೊಟ್ಟರೆ ಒಂದೊಂದಕ್ಕೆ ಇಷ್ಟು ರೂಪಾಯಿ ಕೊಡುವೆವೆಂಬ ಒಕ್ಕಣೆಗಳು ಮೊಬೈಲಿಗೆ ಬರುತ್ತಿರುವುವು. ಮೊದಲೆರಡು ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಬರುವುದು. ಅನಂತರ, ಹೆಚ್ಚಿನ ಸಂಪಾದನೆಗೆ ಮುಂಗಡ ಕಟ್ಟಬೇಕೆನ್ನುವರು. ಕಟ್ಟಿದ ಹಣವನ್ನು ಹಿಂದಕ್ಕೆ ಪಡೆಯಲು ಮತ್ತಷ್ಟು ಕಟ್ಟಬೇಕೆನ್ನುವರು. ಹೀಗೆ ಲಕ್ಷಗಟ್ಟಲೆ ಕಳೆದುಕೊಂಡ ವಿದ್ಯಾವಂತರ ವಾರ್ತೆಗಳನ್ನು ಪತ್ರಿಕೆಗಳಲ್ಲಿ ಓದಿರುವೆವು. ಮನೆಯ ಖರ್ಚಿಗೆ ನಾಲ್ಕು ಕಾಸು ಸೇರಲೆಂದು ಆಶಿಸುವ ತರುಣಿಯರೇ ಇದರಲ್ಲಿ ಬೀಳುವುದು ಹೆಚ್ಚಿನ ವ್ಯಸನ. ಸುಳ್ಳು ಸಾಕ್ಷಿ ಹೇಳಿ ಪರರ ಮನೆಗೆ ಕೆಟ್ಟ ಯಂತ್ರವನ್ನು ಕಳುಹಿಸುವ ಕೆಲಸ ಅದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ನಂಬಲು ತಕ್ಕ ಗುರುತೇ ಇಲ್ಲವೇ? ಇರುವುವು. ಅಂಗಡಿಯ ತೂಕದ ಕಲ್ಲಿನ ಮೇಲೆ ಸರ್ಕಾರದ ಮುದ್ರೆಯಿರುವುದು. ಅದು ವರ್ತಕನ ಮಾತಲ್ಲ, ಅದರ ಹಿಂದೆ ಕಾನೂನು ಇರುವುದು. ಐ.ಎಸ್.ಐ. ಗುರುತೂ ಇಂತಹುದೇ. ಅದರ ಜತೆಗೆ ಸಿ.ಎಂ. ಎಲ್. ಎಂದು ಆರಂಭವಾಗುವ ಲೈಸೆನ್ಸಿನ ಸಂಖ್ಯೆಯಿರಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ಮಾನಕ ಸಂಸ್ಥೆಯ ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ನೋಡಿಕೊಳ್ಳಬಹುದು. ಚಿನ್ನದ ಒಡವೆಯ ಹಾಲ್‌ಮಾರ್ಕಿನಲ್ಲಿ ಆರು ಅಕ್ಷರಾಂಕಗಳ ಗುರುತಿನ ಸಂಖ್ಯೆಯು ೨೦೨೩ರ ಏಪ್ರಿಲಿನಿಂದ ಕಡ್ಡಾಯವಾಗಿರುವುದು. ಅದನ್ನೂ ಅದೇ ಆ್ಯಪಿನಲ್ಲಿ, ಹಣ ಕೊಡುವ ಮೊದಲೇ, ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಇದಕ್ಕೆ ನಾಚಿಕೊಳ್ಳುವ ಕಾರಣವಿಲ್ಲ. ಹಾಲ್‌ಮಾರ್ಕಿನ ಒಡವೆಯ ಶುದ್ಧತೆ ಕಡಮೆಯೆಂದು ತೇಲಿದರೆ ಕೊರತೆಯ ಬೆಲೆಯ ಎರಡರಷ್ಟನ್ನೂ ಪರೀಕ್ಷೆಯ ವೆಚ್ಚವನ್ನೂ ಪಡೆಯಲು ಕೊಂಡವರಿಗೆ ಹಕ್ಕುಂಟು. ಆದರೆ ಈ ಗುರುತುಗಳಿಗೂ ಎಲ್ಲೆಯುಂಟು. ರೆಫ್ರಿಜರೇಟರಿನ ಮೇಲಿರುವ ನಕ್ಷತ್ರದ ಚೀಟಿಯನ್ನು ನೋಡಿ ಇದು ಬಹುಕಾಲ ಬಾಳುವುದೆಂದು ತಿಳಿಯುವವರನ್ನು ನಾವು ಕಂಡಿರುವೆವು. ೨೦೦೬ರಲ್ಲಿ ಆರಂಭವಾದ ಆ ಪದ್ಧತಿಯು ಹೇಳುವುದು ವಿದ್ಯುಚ್ಛಕ್ತಿಯ ಖರ್ಚನ್ನು ಮಾತ್ರ. ಅಳತೆಯನ್ನು ಆಗಾಗ ಬಿಗಿಮಾಡುವುದರಿಂದ ಚೀಟಿಯಲ್ಲಿರುವ ವರ್ಷವನ್ನೂ ನೋಡಬೇಕು. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಸಂಸ್ಥೆಯು ೧೯೩೬ರಿಂದಲೂ ಜಾಹೀರಾತುಗಳನ್ನು ತೆಗೆದುಕೊಳ್ಳದೆ, ಸರಕನ್ನು ಅಂಗಡಿಯಲ್ಲಿ ತಾನೇ ಕೊಂಡು ಪರೀಕ್ಷಿಸುವುದು. ನಮ್ಮಲ್ಲಿ ೧೯೭೮ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನ ಕೇಂದ್ರವೂ ತನ್ನ ಪ್ರಯೋಗಶಾಲೆಯಲ್ಲಿ ಇಂತಹ ಪರೀಕ್ಷೆಗಳನ್ನು ನಡೆಯಿಸಿರುವುದು. ಗಿರಾಕಿಯ ಕಡೆಯವರೇ ಖರ್ಚುಮಾಡಿದ ಇಂತಹ ಒಂದು ಪರೀಕ್ಷೆ ಹತ್ತು ಸಾವಿರ ನಕ್ಷತ್ರಗಳಿಗಿಂತ ಮೇಲೆಂದು ನಮ್ಮ ಅಭಿಪ್ರಾಯ.

ಈಗ ಸೋದರಿಯವರ ಎರಡನೆಯ ಪ್ರಶ್ನೆಗೆ ಬರುವೆವು. ೧೯೧೫ ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯು ಕನ್ನಡವೂ ಸೇರಿ ಹದಿನೇಳು ಭಾಷೆಗಳಲ್ಲಿ ದೂರನ್ನು ಕೇಳುವುದು. ಖರ್ಚಿಲ್ಲ, ವಕೀಲರು ಬೇಕಾಗಿಲ್ಲ. ಒಪ್ಪಂದ ಮಾಡಿಕೊಂಡಿರುವ ಅನೇಕ ಕಂಪೆನಿಗಳಿಗೆ ದೂರು ನೇರವಾಗಿ ಹೋಗುವುದು, ಅನೇಕರಿಗೆ ಇದರಿಂದಲೇ ಪರಿಹಾರವೂ ದೊರೆಯುವುದು. ಆದುದರಿಂದ ಅಲ್ಲಿಗೆ ಹೋಗಕೂಡದೆಂದು ನಾವು ಹೇಳೆವು. ಆದರೆ ಇದು ವ್ಯಾಜ್ಯಕ್ಕೆ ಮೊದಲಿನ ಸಂಧಾನ. ಕಂಪೆನಿಯು ಏನಾದರೊಂದು ಉತ್ತರವನ್ನು ಕೊಟ್ಟಿತೆಂದರೆ ದೂತನ ಕೆಲಸ ಬಹುಮಟ್ಟಿಗೆ ಅಲ್ಲಿಗೆ ತೀರಿತು. "ಹಣ ಹಿಂದಕ್ಕೆ ಕೊಡು" ಎಂದು ಅಪ್ಪಣೆಮಾಡುವ ಶಕ್ತಿ ಅದಕ್ಕಿಲ್ಲ. ದೂರು ಮುಕ್ತಾಯವಾಯಿತೆಂದರೆ ನ್ಯಾಯವು ಮುಕ್ತಾಯವಾಯಿತೆಂದು ಅರ್ಥವಲ್ಲ. ಸೋದರಿಯವರು ಅದನ್ನು ಓದಿ ನಿರಾಶರಾಗಿ ಕುಳಿತುದೇ ಕಂಪೆನಿಗೆ ದೊಡ್ಡ ಉಪಕಾರವಾಗಿರುವುದು.

ಅಪ್ಪಣೆಮಾಡುವ ಶಕ್ತಿಯಿರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ೧೯೮೬ರ ಕಾಯಿದೆಯ ಸ್ಥಾನದಲ್ಲಿ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ಕೊಟ್ಟ ಕ್ರಯವು ೫೦ ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲುವುದು. ೫ ಲಕ್ಷದವರೆಗೆ ಶುಲ್ಕವೇ ಇಲ್ಲ. ಅಂಗಡಿಯು ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಶಿವಮೊಗ್ಗೆಯವರು ಶಿವಮೊಗ್ಗೆಯಲ್ಲಿಯೇ. ಇ-ಜಾಗೃತಿ ಎಂಬ ಸರ್ಕಾರದ ತಾಣದ ಮೂಲಕ ಮನೆಯಿಂದಲೂ ಸಲ್ಲಿಸಬಹುದು. ವಕೀಲರಿಲ್ಲದೆ ತಾವೇ ವಾದಿಸಬಹುದು. ರಿಪೇರಿ, ಬದಲು ಪದಾರ್ಥ, ಹಣದ ವಾಪಸಾತಿ, ನಷ್ಟಪರಿಹಾರ, ಇವುಗಳನ್ನು ಆಯೋಗವು ಕೊಡಿಸಬಲ್ಲುದು. ಆಜ್ಞೆಯನ್ನು ಮೀರಿದವರಿಗೆ ಮೂರು ವರ್ಷದವರೆಗೆ ಸೆರೆಯನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಬಲ್ಲುದು. ಮೂರು ತಿಂಗಳೊಳಗೆ, ಪ್ರಯೋಗಶಾಲೆಯ ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ, ತೀರ್ಮಾನವಾಗಬೇಕೆಂದು ಕಾಯಿದೆಯು ಆಶಿಸುವುದು. ನಡೆಯುವುದು ಅನೇಕ ವೇಳೆ ಹಾಗಲ್ಲ. ವಾಯಿದೆಗಳ ಮೇಲೆ ವಾಯಿದೆ ಬೀಳುವುದುಂಟು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೂ ಹದಿನಾಲ್ಕು ಸಾವಿರ ರೂಪಾಯಿ ಒಂದು ಸಂಸಾರಕ್ಕೆ ಸಣ್ಣ ಹಣವಲ್ಲ. ಆಯೋಗದ ನೋಟೀಸು ಬಂದೊಡನೆ ಮೆತ್ತಗಾಗುವ ಕಂಪೆನಿಗಳೂ ಇಲ್ಲದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿರುವುದು. ತೊಂದರೆ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ತಡವಾದರೆ ತಕ್ಕ ಕಾರಣವನ್ನು ತೋರಿಸಿ ಆಯೋಗದ ಕ್ಷಮೆಯನ್ನು ಬೇಡಬಹುದು, ಆದರೆ ಅದು ದೊರೆಯುವುದೆಂದು ನೆಚ್ಚುವಂತಿಲ್ಲ. ಸಹಾಯವಾಣಿಗೆ ಹೇಳಿಕೊಂಡ ಮಾತ್ರಕ್ಕೆ, ಕಂಪೆನಿಯೊಡನೆ ಪತ್ರವ್ಯವಹಾರ ನಡೆಯಿಸಿದ ಮಾತ್ರಕ್ಕೆ, ಈ ಎರಡು ವರ್ಷದ ಗಡಿಯಾರ ನಿಲ್ಲುವುದಿಲ್ಲ. ನಯವಾದ ಉತ್ತರಗಳಿಂದಲೇ ಗಿರಾಕಿಯ ಕಾಲವನ್ನು ಕಳೆಯಿಸುವ ಜಾಣತನವನ್ನು ಬಲ್ಲವರು ಕೆಲವರಿರುವರು. ಆದಕಾರಣ ದೂರಿನ ಕ್ರಮವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಅಂತರ್ಜಾಲದ ಅಂಗಡಿಗಳು ದೂರು ಕೇಳುವ ಅಧಿಕಾರಿಯೊಬ್ಬರನ್ನು ನೇಮಿಸಿ, ೪೮ ಗಂಟೆಗಳೊಳಗೆ ದೂರು ತಲಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕುದೆಂದು ೨೦೨೦ರ ನಿಯಮಗಳು ಹೇಳುವುವು. ಆದುದರಿಂದ ಮೊದಲು ಅವರಿಗೆ ಬರವಣಿಗೆಯಲ್ಲಿಯೇ ತಿಳಿಸಬೇಕು. ಫೋನಿನ ಮಾತಿಗೆ ಸಾಕ್ಷಿಯಿಲ್ಲ. ಒಂದು ತಿಂಗಳು ಕಳೆದರೆ ಸಹಾಯವಾಣಿ. ಅದೂ ಫಲಿಸದಿದ್ದರೆ ಕಂಪೆನಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟೀಸು, ಆ ಬಳಿಕ ಆಯೋಗ. ಬಿಲ್ಲು, ಗ್ಯಾರಂಟಿಯ ಕಾಗದ, ದೂರಿನ ಸಂಖ್ಯೆಗಳು, ಬಂದ ಒಕ್ಕಣೆಗಳ ಚಿತ್ರ, ಎಲ್ಲವನ್ನೂ ಒಂದೇ ಚೀಲದಲ್ಲಿಡಬೇಕು. ನಮ್ಮ ಸೋದರಿಯವರಿಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವುದೆಂದು ಅವರ ಪತ್ರದಿಂದ ತಿಳಿದುಬರುವುದು. ಅವರು ಈ ವಾರವೇ ಚೀಲವನ್ನು ಸಿದ್ಧಪಡಿಸಲಿ.

ದೂರು ಕೊಡುವ ಅವಸರದಲ್ಲಿ ಮತ್ತೊಂದು ಬಾವಿಗೆ ಬೀಳುವವರೂ ಇರುವರು. ಕಂಪೆನಿಯ ಫೋನು ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಕಾಣಿಸುವುದು ಎಷ್ಟೋ ವೇಳೆ ವಂಚಕರು ಹಾಕಿದ ಸಂಖ್ಯೆ. ಅವರು ಬಹು ಮರ್ಯಾದೆಯಿಂದ ಮಾತನಾಡುವರು. ಹಣ ಹಿಂದಿರುಗಿಸುವೆವೆಂದು ಹೇಳಿ ಮೊಬೈಲಿನಲ್ಲಿ ಯಾವುದೋ ಆ್ಯಪನ್ನು ಹಾಕಿಕೊಳ್ಳಿರೆನ್ನುವರು, ಇಲ್ಲವೆ ನೋಂದಣಿಗೆಂದು ಹತ್ತು ರೂಪಾಯಿ ಕಳುಹಿಸಿ ಬಂದ ಓ.ಟಿ.ಪಿ.ಯನ್ನು ಓದಿಹೇಳಿರೆನ್ನುವರು. ನಿಜವಾದ ದೂರಿನ ಕಚೇರಿಗೆ ಇವಾವುವೂ ಬೇಕಾಗಿಲ್ಲ. ಹಾಗೆ ಹಣ ಹೋದುದಾದರೆ ನಾಚಿಕೆಯಿಂದ ಮುಚ್ಚಿಡದೆ ಆ ಕ್ಷಣವೇ ೧೯೩೦ಕ್ಕೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು. ಕಂಪೆನಿಯ ಸರಿಯಾದ ಸಂಖ್ಯೆ ಬಿಲ್ಲಿನ ಮೇಲೆಯೋ ಗ್ಯಾರಂಟಿಯ ಕಾಗದದ ಮೇಲೆಯೋ ಇರುವುದು. ಪದಾರ್ಥವು ಮನೆಗೆ ಬಂದ ದಿನವೇ ಅದನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಆಯೋಗಕ್ಕೆ ಕೊಡುವ ಅರ್ಜಿಯಲ್ಲಿ ಯಾವ ಯಾವ ಸಂಗತಿಗಳಿರಬೇಕೆಂಬುದನ್ನು ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು.